ಪುಸ್ತಕ ನೋಡಿ ಮಾಡಿದರೂ ಯಾಕೆ ಹಾಗೆ ಬರಲ್ಲ?

ಪ್ರಶ್ನೆ: ನನಗೆ ಅಡುಗೆ ಪುಸ್ತಕಗಳ ಹುಚ್ಚು. ಹೆಸರಾಂತ ಶೆಫ್‌ಗಳದ್ದೇ 14 ಪುಸ್ತಕ ಮನೆಯಲ್ಲಿವೆ. ಒಂದಕ್ಷರ ಬಿಡದೆ ಬರೆದ ಹಾಗೇ ಮಾಡುತ್ತೇನೆ. ಆದರೂ ಚಿತ್ರದಲ್ಲಿರುವ ಹಾಗೆ ಬರುವುದಿಲ್ಲ. ಮೊನ್ನೆ ಒಂದು ಸೂಪ್‌ಗೆ ‘ಈರುಳ್ಳಿ ಚೆನ್ನಾಗಿ ಕಂದು ಬಣ್ಣಕ್ಕೆ ಬರಲಿ, ಸುಮಾರು 10 ನಿಮಿಷ’ ಅಂತ ಬರೆದಿತ್ತು. ನನಗೆ ಮುಕ್ಕಾಲು ಗಂಟೆ ಹಿಡಿಯಿತು. ದೊಡ್ಡ ಶೆಫ್‌ಗಳು ಬೇಕೆಂದೇ ಒಂದೆರಡು ಗುಟ್ಟು ಬಚ್ಚಿಟ್ಟು ಬರೆಯುತ್ತಾರಾ? ಅಥವಾ ನನ್ನ ಕೈಗುಣವೇ ಸರಿ ಇಲ್ಲವಾ? ಎಲ್ಲವೂ ವಿಡಿಯೋದಲ್ಲಿ ಸಿಗುವಾಗ ಇನ್ನೂ ಪುಸ್ತಕ ಕೊಳ್ಳುವುದರಲ್ಲಿ ಅರ್ಥ ಇದೆಯಾ? ಇನ್ನು ಒಂದೇ ಒಂದು ಕೊಳ್ಳುವುದಾದರೆ ಯಾವುದು?

ಉತ್ತರ:

ಮೊದಲು ಈರುಳ್ಳಿ ವಿಷಯ ಮುಗಿಸಿಬಿಡೋಣ. ನೀವು ಮಾಡಿದ್ದೇ ಸರಿ. ಪುಸ್ತಕ ತಪ್ಪು.

ಈರುಳ್ಳಿಯಲ್ಲಿ ನೂರಕ್ಕೆ ಸುಮಾರು 90 ಭಾಗ ನೀರೇ ಇರುತ್ತದೆ. ಆ ನೀರು ಆರುವ ತನಕ ಬಾಣಲೆಯಲ್ಲಿರುವ ಈರುಳ್ಳಿಯ ಬಿಸಿ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನಿಂತಿರುತ್ತದೆ. ಬಣ್ಣ ಬೇಗ ಏರಬೇಕಾದರೆ ಅದಕ್ಕಿಂತ ಜಾಸ್ತಿ ಬಿಸಿ ಬೇಕು. ನೀರು ಹೋಗುವ ಮುಂಚೆ ಬಣ್ಣ ಬಾ ಅಂದರೆ ಎಲ್ಲಿಂದ ಬರಬೇಕು?

ಮುಂದಿನ ಸಲ ಪಕ್ಕದಲ್ಲಿ ಗಡಿಯಾರ ಇಟ್ಟುಕೊಂಡು ನೋಡಿ. ನಾಲ್ಕು ದೊಡ್ಡ ಈರುಳ್ಳಿ ತೆಳ್ಳಗೆ ಹೆಚ್ಚಿ, ಮಧ್ಯಮಕ್ಕಿಂತ ಸ್ವಲ್ಪ ಕಡಿಮೆ ಉರಿಯಲ್ಲಿ ಇಡಿ. 10 ನಿಮಿಷಕ್ಕೆ ಅದು ಬಾಡಿ, ಆಚೆ ಕಡೆ ಕಾಣುವಷ್ಟು ತೆಳುವಾಗಿರುತ್ತದೆ ಅಷ್ಟೆ. ಬಾಣಲೆ ಇನ್ನೂ ಬುಸುಗುಡುತ್ತಿರುತ್ತದೆ. ಅದು ನೀರಿನ ಸದ್ದು. 20 ನಿಮಿಷಕ್ಕೆ ಒಣಹುಲ್ಲಿನ ಬಣ್ಣ. ಸದ್ದು ಈಗ ಸಣ್ಣಗೆ ಚಟಚಟ ಅನ್ನುತ್ತದೆ. 30ರ ಹೊತ್ತಿಗೆ ತಳದಲ್ಲಿ ಕಂದು ಪೊರೆಯೊಂದು ಹಿಡಿಯಲು ಶುರುವಾಗುತ್ತದೆ. ಇಲ್ಲೇ ಎಲ್ಲರೂ ಹೆದರಿ ಒಲೆ ಆರಿಸುವುದು. ಹೆದರಬೇಡಿ. ಎರಡು ಚಮಚ ನೀರು ಚಿಮುಕಿಸಿ ತಳ ಕೆರೆಯಿರಿ, ಆ ಬಣ್ಣವೆಲ್ಲ ಈರುಳ್ಳಿಗೆ ಹತ್ತುತ್ತದೆ. 45 ನಿಮಿಷಕ್ಕೆ ಬಾಣಲೆ ತುಂಬಾ ಇದ್ದದ್ದು ಒಂದು ಹಿಡಿಯಷ್ಟಾಗಿ, ಜ್ಯಾಮ್ ಥರ ಮೆತ್ತಗೆ ಕೂತಿರುತ್ತದೆ.

ಹಾಗಾದರೆ 10 ನಿಮಿಷ ಅಂತ ಬರೆದವರಿಗೆ ಇದು ಗೊತ್ತಿರಲಿಲ್ಲವಾ? ಚೆನ್ನಾಗಿಯೇ ಗೊತ್ತಿತ್ತು. ಹೋಟೆಲಿನಲ್ಲಿ ಈರುಳ್ಳಿ ಹುರಿಯುವುದು ಹೆಸರಾಂತ ಶೆಫ್ ಅಲ್ಲ. ಬೆಳಿಗ್ಗೆಯೇ ಬಂದ ಹುಡುಗನೊಬ್ಬ ದೊಡ್ಡ ಪಾತ್ರೆಯಲ್ಲಿ ಹುರಿದು ಡಬ್ಬಿಗೆ ತುಂಬಿಟ್ಟಿರುತ್ತಾನೆ. ಸಂಜೆ ಶೆಫ್ ಒಲೆ ಮುಂದೆ ನಿಂತಾಗ ಅವರ ಪಾಲಿಗೆ ಈರುಳ್ಳಿ ಅನ್ನುವುದು ಆಗಲೇ ಅರ್ಧ ಆಗಿರುವ ಕೆಲಸ. ಅದರ ಮೇಲೆ ಪ್ರಕಾಶಕರ ಕಡೆಯ ಒತ್ತಡ ಬೇರೆ. ‘ಅರ್ಧ ಗಂಟೆಯಲ್ಲಿ ತಯಾರು’ ಅಂತ ಹಾಕಿದರೆ ಪುಸ್ತಕ ಕೈಗೆತ್ತಿಕೊಳ್ಳುವವರು ಜಾಸ್ತಿ. ಒಂದು ಸೂಪ್‌ಗೆ ಒಂದೂವರೆ ಗಂಟೆ ಅಂದರೆ ಪುಟ ತಿರುಗಿಸಿಬಿಡುತ್ತಾರೆ. ಹೀಗಾಗಿ ನಿಮಿಷಗಳು ಅಚ್ಚಿಗೆ ಹೋಗುವ ದಾರಿಯಲ್ಲಿ ಕರಗುತ್ತಾ ಹೋಗುತ್ತವೆ.

ಗುಟ್ಟು ಬಚ್ಚಿಡುವ ಮಾತಿಗೆ ಬರುತ್ತೇನೆ. ನಾನು ಬಹಳ ವರ್ಷ ಬೇರೆಯವರ ಪುಸ್ತಕಗಳಿಗೆ ರೆಸಿಪಿ ಪರೀಕ್ಷೆ ಮಾಡುವ ಕೆಲಸ ಮಾಡಿದ್ದೇನೆ. ಅಂದರೆ ಶೆಫ್ ಬರೆದುಕೊಟ್ಟ ಹಾಳೆ ಹಿಡಿದು, ಮನೆಯ ಒಲೆಯಲ್ಲಿ, ಮಾಮೂಲಿ ಪಾತ್ರೆಯಲ್ಲಿ ಮಾಡಿ ನೋಡುವುದು. ಬರದೇ ಇದ್ದರೆ ಯಾಕೆ ಬರಲಿಲ್ಲ ಅಂತ ಅವರನ್ನು ಕಾಡುವುದು. ಇಷ್ಟು ವರ್ಷದಲ್ಲಿ ಬೇಕೆಂದೇ ಗುಟ್ಟು ಬಚ್ಚಿಟ್ಟವರನ್ನು ನಾನು ಕಂಡಿಲ್ಲ. ಕಂಡದ್ದು ಬೇರೆಯದೇ ಒಂದು ತೊಂದರೆ.

ಒಬ್ಬ ಶೆಫ್ ಬೀನ್ಸ್ ಸ್ಟ್ಯೂ ಒಂದಕ್ಕೆ ‘ಉಪ್ಪು ಅರ್ಧ ಚಮಚ’ ಅಂತ ಬರೆದುಕೊಟ್ಟಿದ್ದರು. ನಾನು ಮೂರು ಸಲ ಮಾಡಿದೆ. ಮೂರು ಸಲವೂ ಸಪ್ಪೆ. ಕೊನೆಗೆ ಅವರನ್ನೇ ಕರೆದು ನನ್ನ ಮುಂದೆ ಮಾಡಿಸಿದೆ. ಮಾತಾಡುತ್ತಾ ಮಾತಾಡುತ್ತಾ ಅವರ ಕೈ ಉಪ್ಪಿನ ಬಟ್ಟಲಿಗೆ ಹೋಗಿ ಬರುತ್ತಲೇ ಇತ್ತು. ಈರುಳ್ಳಿಗೆ ಒಂದು ಚಿಟಿಕೆ, ಟೊಮೆಟೊ ಹಾಕಿದಾಗ ಒಂದು, ನೀರು ಹಾಕಿದ ಮೇಲೆ ಇನ್ನೊಂದು, ಇಳಿಸುವ ಮುಂಚೆ ರುಚಿ ನೋಡಿ ಮತ್ತೊಂದು. ಎರಡನೇ ಸಲಕ್ಕೆ ನಾನು ಅವರ ಪಕ್ಕ ತಕ್ಕಡಿಯ ಮೇಲೆ ಒಂದು ಬಟ್ಟಲಿಟ್ಟು ‘ಪ್ರತಿ ಚಿಟಿಕೆಯನ್ನೂ ಮೊದಲು ಇದಕ್ಕೆ ಹಾಕಿ, ಆಮೇಲೆ ಪಾತ್ರೆಗೆ’ ಅಂದೆ. ಒಟ್ಟು 11 ಗ್ರಾಂ ಆಯಿತು. ಅರ್ಧ ಟೀ ಚಮಚ ಪುಡಿ ಉಪ್ಪು ಅಂದರೆ ಬರೀ 3 ಗ್ರಾಂ. ತಕ್ಕಡಿಯ ಅಂಕಿ ನೋಡಿ ನನಗಿಂತ ಜಾಸ್ತಿ ಆಶ್ಚರ್ಯ ಆದದ್ದು ಅವರಿಗೇ. ಅವರು ಸುಳ್ಳು ಬರೆದಿರಲಿಲ್ಲ. ಕೊನೆಯಲ್ಲಿ ಹಾಕುವ ಉಪ್ಪನ್ನಷ್ಟೇ ಅವರು ‘ಉಪ್ಪು ಹಾಕುವುದು’ ಅಂತ ಎಣಿಸಿದ್ದರು. ಉಳಿದದ್ದು ಅವರ ಪಾಲಿಗೆ ಉಸಿರಾಡಿದ ಹಾಗೆ.

ಉಪ್ಪಿನಲ್ಲಿ ಇನ್ನೂ ಒಂದು ಪೇಚಿದೆ. ಒಂದು ಟೇಬಲ್ ಚಮಚ ನಯವಾದ ಪುಡಿ ಉಪ್ಪು ಸುಮಾರು 18 ಗ್ರಾಂ ತೂಗುತ್ತದೆ. ಹಗುರವಾದ, ಪದರ ಪದರವಾದ ಹರಳುಪ್ಪು ಅದೇ ಚಮಚದಲ್ಲಿ ಸುಮಾರು ಅರ್ಧದಷ್ಟೇ ತೂಗುತ್ತದೆ. ಅಮೆರಿಕದ ಬಹಳಷ್ಟು ಶೆಫ್‌ಗಳು ಬಳಸುವುದು ಈ ಹಗುರ ಉಪ್ಪನ್ನು. ಅವರ ಪುಸ್ತಕದ ‘ಒಂದು ಚಮಚ’ವನ್ನು ನೀವು ಪುಡಿ ಉಪ್ಪಿನಲ್ಲಿ ಹಾಕಿದರೆ ಬಾಯಿಗಿಡಲು ಆಗುವುದಿಲ್ಲ. ಚಮಚವೂ ಎಲ್ಲ ಕಡೆ ಒಂದೇ ಅಲ್ಲ. ಹೆಚ್ಚಿನ ದೇಶಗಳಲ್ಲಿ ಟೇಬಲ್ ಚಮಚ 15 ಮಿ.ಲೀ., ಆಸ್ಟ್ರೇಲಿಯಾದಲ್ಲಿ 20. ಅಳತೆಯ ಕಪ್ ಅಮೆರಿಕದಲ್ಲಿ ಸುಮಾರು 240 ಮಿ.ಲೀ., ಆಸ್ಟ್ರೇಲಿಯಾದಲ್ಲಿ 250, ಜಪಾನಿನಲ್ಲಿ 200. ಮೈದಾ ಹಿಟ್ಟನ್ನು ಒಬ್ಬರು ಹಗುರವಾಗಿ ಚಮಚದಲ್ಲಿ ತುಂಬಿದರೆ ಒಂದು ಕಪ್ಪಿಗೆ 120 ಗ್ರಾಂ. ಇನ್ನೊಬ್ಬರು ಕಪ್ಪನ್ನೇ ಹಿಟ್ಟಿನ ಡಬ್ಬಿಗೆ ಒತ್ತಿ ತುಂಬಿದರೆ 150. ಕೇಕು ಉಬ್ಬಲಿಲ್ಲ ಅಂತ ಕೈಗುಣವನ್ನು ಬೈದುಕೊಳ್ಳುವ ಮುಂಚೆ ಇದನ್ನೊಂದು ನೋಡಿ. ಹದಿನೈದನೇ ಪುಸ್ತಕದ ದುಡ್ಡಿನಲ್ಲಿ ಮೊದಲು ಒಂದು ಡಿಜಿಟಲ್ ತಕ್ಕಡಿ ತಗೊಳ್ಳಿ. ಇದನ್ನು ನಾನು ತಮಾಷೆಗೆ ಹೇಳುತ್ತಿಲ್ಲ.

ಹೋಟೆಲಿನ ರೆಸಿಪಿ ಮನೆಗೆ ಬರುವಾಗ ಇನ್ನೊಂದು ಕಡೆ ಎಡವುತ್ತದೆ. 40 ಜನರ ಲೆಕ್ಕವನ್ನು ನಾಲ್ಕು ಜನಕ್ಕೆ ಇಳಿಸುವಾಗ ಎಲ್ಲವನ್ನೂ ಹತ್ತರಿಂದ ಭಾಗಿಸಿಬಿಡುತ್ತಾರೆ. ಟೊಮೆಟೊ, ಬೆಣ್ಣೆ ಭಾಗಿಸಿದರೆ ಸರಿ. ಆವಿಯನ್ನು ಹೇಗೆ ಭಾಗಿಸುತ್ತೀರಿ? ದೊಡ್ಡ ಹಂಡೆಯಲ್ಲಿ ಒಂದು ಗಂಟೆ ಕುದಿಸಿದರೆ ಅದರ ನೀರಿನಲ್ಲಿ ಒಂದು ಸಣ್ಣ ಪಾಲಷ್ಟೇ ಹೋಗಬಹುದು. ಅದೇ ಸಾಸನ್ನು ಸ್ವಲ್ಪವೇ ಮಾಡಿ ಅಗಲ ಬಾಣಲೆಯಲ್ಲಿ ಅಷ್ಟೇ ಹೊತ್ತು ಬಿಟ್ಟರೆ ತಳ ಹಿಡಿದು ಸೀದುಹೋಗುತ್ತದೆ. ಹೋಟೆಲಿನ ಒಲೆಯ ಉರಿಯೂ ಮನೆಯದಕ್ಕಿಂತ ಎರಡು ಮೂರು ಪಟ್ಟು ಜಾಸ್ತಿ ಇರುತ್ತದೆ. ಅಲ್ಲಿ ಎರಡು ನಿಮಿಷದಲ್ಲಿ ಅಣಬೆ ಕೆಂಪಗಾದರೆ ಇಲ್ಲಿ ಅದೇ ಅಣಬೆ ತನ್ನದೇ ನೀರಿನಲ್ಲಿ ಬೆಂದು ಮೆತ್ತಗಾಗುತ್ತದೆ. ಅಂಥ ರೆಸಿಪಿ ಸಿಕ್ಕರೆ ಬಾಣಲೆಗೆ ಅರ್ಧರ್ಧ ಹಾಕಿ ಎರಡು ಸಲ ಹುರಿಯಿರಿ. ಪುಸ್ತಕದಲ್ಲಿ ಬರೆದಿರಲಿ, ಬಿಡಲಿ.

ಈಗ ನಿಮ್ಮ 14 ಪುಸ್ತಕಗಳನ್ನು ಕೆಳಗಿಳಿಸಿ, ಒಂದೊಂದನ್ನೇ ಹಿಡಿದು ‘ಇದನ್ನು ಯಾರಿಗೋಸ್ಕರ ಬರೆದಿದ್ದಾರೆ?’ ಅಂತ ಕೇಳಿ. ನನಗೆ ಮುಖ್ಯ ಅನ್ನಿಸುವ ಪ್ರಶ್ನೆ ಇದೊಂದೇ. ಬರೆದವರು ಎಷ್ಟು ದೊಡ್ಡವರು ಅನ್ನುವುದು ಆಮೇಲಿನ ಮಾತು.

ಫ್ರಾನ್ಸಿನ ಹೆಸರಾಂತ ಶೆಫ್ ಎಸ್ಕಾಫಿಯೇ 1903ರಲ್ಲಿ ತಂದ ‘ಲ ಗಿಡ್ ಕ್ಯುಲಿನೇರ್’ನಲ್ಲಿ 5,000ಕ್ಕೂ ಹೆಚ್ಚು ರೆಸಿಪಿಗಳಿವೆ. ಬಹಳಷ್ಟು ಎರಡು ಮೂರು ಸಾಲಿನವು. ಇಂಥ ಸಾಸ್ ಹಾಕಿ, ಇಂಥ ಅಲಂಕಾರ ಇಡಿ, ಮುಗಿಯಿತು. ಅದು ಕಸುಬಿನವರು ಕಸುಬಿನವರಿಗೆ ಬರೆದುಕೊಟ್ಟ ಜ್ಞಾಪಕ ಪಟ್ಟಿ. ಆ ಸಾಸನ್ನು ಸಾವಿರ ಸಲ ಮಾಡಿದವನಿಗೆ ಹೆಸರು ಹೇಳಿದರೆ ಸಾಕು. ಮನೆಯಲ್ಲಿ ಕೂತು ಅದನ್ನು ಅನುಸರಿಸಲು ಹೊರಟರೆ ಎಸ್ಕಾಫಿಯೇ ಮೇಲೆ ಸಿಟ್ಟು ಬರುತ್ತದೆ. ಅವರ ತಪ್ಪೇನಿಲ್ಲ, ಆ ಕಾಗದ ನಿಮ್ಮ ವಿಳಾಸಕ್ಕೆ ಬರೆದದ್ದೇ ಅಲ್ಲ.

ಮನೆಯವರ ವಿಳಾಸಕ್ಕೆ ಬರೆಯುವುದನ್ನು ರೂಢಿ ಮಾಡಿದವರು ಹೆಚ್ಚಾಗಿ ಹೆಂಗಸರು. ಇಂಗ್ಲೆಂಡಿನ ಎಲೈಜಾ ಆಕ್ಟನ್ 1845ರಲ್ಲಿ ತಮ್ಮ ಪುಸ್ತಕದಲ್ಲಿ ಪ್ರತಿ ರೆಸಿಪಿಯ ಕೊನೆಗೆ ಸಾಮಾನಿನ ಪಟ್ಟಿ ಮತ್ತು ಬೇಯುವ ಹೊತ್ತನ್ನು ಬೇರೆಯಾಗಿ ಕೊಟ್ಟರು. ಇವತ್ತು ನಮಗೆ ಅದು ದೊಡ್ಡದಾಗಿ ಕಾಣುವುದಿಲ್ಲ. ಆಗ ಎಲ್ಲವೂ ಒಂದೇ ಉದ್ದನೆ ಮಾತಿನಲ್ಲಿ ಕಲಸಿಹೋಗಿರುತ್ತಿತ್ತು. 1861ರಲ್ಲಿ ಇಸಾಬೆಲಾ ಬೀಟನ್ ಆ ಪಟ್ಟಿಯನ್ನು ರೆಸಿಪಿಯ ತಲೆಗೆ ತಂದು ಕೂರಿಸಿದರು. ಅವರ ಪುಸ್ತಕ ಮೊದಲ ವರ್ಷವೇ 60,000 ಪ್ರತಿ ಹೋಯಿತು. ರೆಸಿಪಿಗಳಲ್ಲಿ ಬಹುಪಾಲು ಅವರ ಸ್ವಂತದ್ದಲ್ಲ. ಆಕ್ಟನ್ ಪುಸ್ತಕದ್ದೂ ಸೇರಿ ಅಲ್ಲಿ ಇಲ್ಲಿ ಎತ್ತಿಕೊಂಡದ್ದು. ಮ್ಯಾಕರೋನಿಯನ್ನು ಒಂದೂವರೆ ಗಂಟೆ ಬೇಯಿಸಿ ಅಂತ ಬೇರೆ ಬರೆದಿದ್ದಾರೆ! ಸುಮ್ನೆ ನಗಬೇಡಿ, ಬೀಟನ್ ತೀರಿಕೊಂಡಾಗ ಅವರಿಗೆ ಬರೀ 28 ವರ್ಷ. ಅಷ್ಟು ಚಿಕ್ಕ ವಯಸ್ಸಿನಲ್ಲಿ ಇಡೀ ಮನೆವಾರ್ತೆಯನ್ನು ಒಂದು ಪುಸ್ತಕದಲ್ಲಿ ಜೋಡಿಸಿಟ್ಟಿದ್ದರು. ಅಡುಗೆ ಮಾಡುವುದು ಒಂದು ಕಲೆಯಾದರೆ ಅದನ್ನು ಹುಡುಕಿದಾಗ ಸಿಗುವ ಹಾಗೆ ಜೋಡಿಸುವುದು ಬೇರೆಯೇ ಕಲೆ. ಬೀಟನ್‌ಗೆ ಎರಡನೆಯದು ಒಲಿದಿತ್ತು.

ಅಮೆರಿಕದ ಬಾಸ್ಟನ್ನಿನಲ್ಲಿ ಅಡುಗೆ ಶಾಲೆ ನಡೆಸುತ್ತಿದ್ದ ಫ್ಯಾನಿ ಫಾರ್ಮರ್ 1896ರಲ್ಲಿ ಇನ್ನೊಂದು ಹೆಜ್ಜೆ ಇಟ್ಟರು. ಚಮಚದ ಮೇಲೆ ಗೋಪುರದ ಹಾಗೆ ನಿಂತ ಹಿಟ್ಟನ್ನು ಚಾಕುವಿನಿಂದ ಸವರಿ ಸಮ ಮಾಡಿ ಅಂದರು. ಕಣ್ಣಳತೆ ಬಿಟ್ಟು ಸಮ ಅಳತೆ. ಪ್ರಕಾಶಕರಿಗೆ ನಂಬಿಕೆ ಇರಲಿಲ್ಲ. ಮೊದಲ 3,000 ಪ್ರತಿಗಳ ಖರ್ಚನ್ನು ಫಾರ್ಮರ್ ತಾವೇ ಹಾಕಬೇಕಾಯಿತು. ಆ ಪುಸ್ತಕ ಆಮೇಲೆ ತಲೆಮಾರುಗಳ ಕಾಲ ಅಚ್ಚಾಗುತ್ತಾ ಬಂತು.

ಆದರೆ ಹೋಟೆಲಿನ ಅಡುಗೆಯನ್ನು ಮನೆಗೆ ದಾಟಿಸುವುದು ಅಂದರೇನು ಅಂತ ನೋಡಬೇಕಾದರೆ ಅಮೆರಿಕದ ಅಡುಗೆ ಲೇಖಕಿ ಜೂಲಿಯಾ ಚೈಲ್ಡ್ ಅವರ ಬ್ರೆಡ್ ಕಥೆ ನೋಡಬೇಕು. ಅವರು ಸಿಮೋನ್ ಬೆಕ್ ಮತ್ತು ಲೂಯಿಸೆಟ್ ಬರ್ತೋಲ್ ಜೊತೆ ಸೇರಿ ಬರೆದ ‘ಮಾಸ್ಟರಿಂಗ್ ದಿ ಆರ್ಟ್ ಆಫ್ ಫ್ರೆಂಚ್ ಕುಕಿಂಗ್’ 1961ರಲ್ಲಿ ಬಂತು. ಮೊದಲು ಒಪ್ಪಿಕೊಂಡಿದ್ದ ಪ್ರಕಾಶಕರು ಇದು ಬಹಳ ದೊಡ್ಡದು, ಬಹಳ ಕಷ್ಟ ಅಂತ ಕೈಬಿಟ್ಟಿದ್ದರು. ಆಮೇಲೆ ಜೂಡಿತ್ ಜೋನ್ಸ್ ಅನ್ನುವ ಸಂಪಾದಕಿಗೆ ಹಸ್ತಪ್ರತಿ ಸಿಕ್ಕಿತು. ಅವರು ಅದನ್ನು ಬರೀ ಓದಲಿಲ್ಲ. ಮನೆಗೆ ಒಯ್ದು ಅದರಲ್ಲಿನ ಮಾಂಸದ ಸ್ಟ್ಯೂ ಮಾಡಿ ನೋಡಿದರು. ಬಂತು. ಪುಸ್ತಕವೂ ಬಂತು.

ಬ್ರೆಡ್ಡಿನ ಸರದಿ ಬಂದದ್ದು 1970ರ ಎರಡನೇ ಸಂಪುಟಕ್ಕೆ. ಫ್ರಾನ್ಸಿನಲ್ಲಿ ಯಾರೂ ಬ್ಯಾಗೆಟ್ ಥರದ ಉದ್ದನೆ ಬ್ರೆಡ್ಡನ್ನು ಮನೆಯಲ್ಲಿ ಮಾಡುವುದಿಲ್ಲ, ಬೇಕರಿಯಿಂದ ತರುತ್ತಾರೆ. ಅಮೆರಿಕದ ಓದುಗರಿಗೆ ಅಂಥ ಬೇಕರಿ ಇರಲಿಲ್ಲ. ಹಾಗಾಗಿ ಮನೆಯ ಓವನ್ನಿನಲ್ಲೇ ಮಾಡಿಸಬೇಕಿತ್ತು. ಬೇಕರಿಯ ಓವನ್ನಿಗೆ ಎರಡು ಅನುಕೂಲ ಇರುತ್ತದೆ. ಹಿಟ್ಟು ಕಾದ ಕಲ್ಲಿನ ಮೇಲೆ ಕೂರುತ್ತದೆ, ಶುರುವಿನಲ್ಲಿ ಒಳಗೆ ಹಬೆ ಬಿಡುತ್ತಾರೆ. ಹಬೆ ಇದ್ದರೆ ಮೇಲಿನ ಪದರ ಬೇಗ ಗಟ್ಟಿಯಾಗದೆ ಬ್ರೆಡ್ ಪೂರ್ತಿ ಉಬ್ಬಲು ಸಮಯ ಸಿಗುತ್ತದೆ, ಆಮೇಲೆ ಗರಿಗರಿ ಆಗುತ್ತದೆ. ಮನೆ ಓವನ್ನಿನಲ್ಲಿ ಎರಡೂ ಇಲ್ಲ. ಜೂಲಿಯಾ, ಅವರ ಗಂಡ ಪಾಲ್ ಇಬ್ಬರೂ ಸೇರಿ ಸುಟ್ಟದ್ದೇ ಸುಟ್ಟದ್ದು. ಪ್ಯಾರಿಸ್ಸಿಗೆ ಹೋಗಿ ರೇಮಂಡ್ ಕಾಲ್ವೆಲ್ ಅನ್ನುವ ಬ್ರೆಡ್ ಗುರುವಿನ ಹತ್ತಿರ ಕೈ ಹಿಡಿದು ಕಲಿತು ಬಂದರು. ಕೊನೆಗೆ ಓವನ್ನಿನೊಳಗೆ ಕಾಯಲು ಹೆಂಚಿನ ಬಿಲ್ಲೆ ಇಟ್ಟರು. ಹಬೆಗೆ ಕೆಂಪಗೆ ಕಾದ ಇಟ್ಟಿಗೆ ಚೂರನ್ನು ನೀರಿನ ತಟ್ಟೆಗೆ ಬಿಡುವ ಉಪಾಯ ಹುಡುಕಿದರು. ಎರಡು ವರ್ಷ, 284 ಪೌಂಡ್ ಹಿಟ್ಟು. ನಮ್ಮ ಲೆಕ್ಕದಲ್ಲಿ ಸುಮಾರು 129 ಕೆ.ಜಿ. ಅಚ್ಚಾದಾಗ ಆ ಒಂದು ರೆಸಿಪಿಗೆ ಸುಮಾರು 20 ಪುಟ ಹಿಡಿಯಿತು.

ಎಸ್ಕಾಫಿಯೇ ಮೂರು ಸಾಲಿನಲ್ಲಿ ಮುಗಿಸುವುದಕ್ಕೆ ಇವರಿಗೆ 20 ಪುಟ. ಎರಡೂ ಒಳ್ಳೆಯ ಪುಸ್ತಕಗಳೇ. ಓದುವವರು ಬೇರೆ. ಉದ್ದನೆ ರೆಸಿಪಿ ಕಂಡರೆ ಜನ ಹೆದರುತ್ತಾರೆ, ಆದರೆ ಉದ್ದನೆಯದೇ ಬಹಳ ಸಲ ಸುಲಭ. ಗಿಡ್ಡ ರೆಸಿಪಿಯಲ್ಲಿ ಬಿಟ್ಟುಹೋದದ್ದನ್ನೆಲ್ಲ ನೀವೇ ತುಂಬಿಕೊಳ್ಳಬೇಕು.

ಈ ಕಾಲದ ಹೋಟೆಲ್ ಮಟ್ಟದ ಅಡುಗೆಯ ದೊಡ್ಡ ಪುಸ್ತಕಗಳ ಬಗ್ಗೆ ಹೆಚ್ಚು ಹೇಳಲು ಹೋಗುವುದಿಲ್ಲ. ಅಮೆರಿಕದ ಶೆಫ್ ಥಾಮಸ್ ಕೆಲ್ಲರ್ ತಮ್ಮ ಹೋಟೆಲಿನ ಹೆಸರಲ್ಲೇ ತಂದ ‘ದಿ ಫ್ರೆಂಚ್ ಲಾಂಡ್ರಿ ಕುಕ್‌ಬುಕ್’ (1999) ಚೆಂದದ ಪುಸ್ತಕ. ನೇಥನ್ ಮೈರ್‌ವೋಲ್ಡ್ ಮತ್ತು ಜೊತೆಗಾರರ ‘ಮಾಡರ್ನಿಸ್ಟ್ ಕ್ವಿಸೀನ್’ (2011) ಆರು ಸಂಪುಟ, 2,400ಕ್ಕೂ ಹೆಚ್ಚು ಪುಟ. ಇವನ್ನು ಓದಿ, ನೋಡಿ, ಒಂದು ತಂತ್ರ, ಒಂದು ಸಾಸ್ ಎತ್ತಿಕೊಳ್ಳಿ. ಇಡೀ ತಟ್ಟೆಯನ್ನು ಒಬ್ಬರೇ ಮಾಡಲು ಹೋಗಬೇಡಿ. ಆ ತಟ್ಟೆಯ ಹಿಂದೆ ಹತ್ತು ಹದಿನೈದು ಕೈಗಳಿರುತ್ತವೆ. ರೆಸಿಪಿಯೊಳಗೆ ‘ಪುಟ ಇಷ್ಟರಲ್ಲಿರುವ ಎಣ್ಣೆ’, ‘ಪುಟ ಅಷ್ಟರಲ್ಲಿರುವ ಪುಡಿ’ ಅಂತ ನಾಲ್ಕು ಕಡೆ ಕಳಿಸಿದರೆ ಅದು ಹೋಟೆಲಿನ ಲೆಕ್ಕ ಅಂತ ತಿಳಿಯಿರಿ. ತಮಾಷೆ ಅಂದರೆ ಈ ಸಾಲಿನ ಅತಿ ದೊಡ್ಡ ಹೆಸರುಗಳಲ್ಲಿ ಒಬ್ಬರಾದ ಸ್ಪೇನಿನ ಫೆರಾನ್ ಅದ್ರಿಯಾ 2011ರಲ್ಲಿ ‘ದಿ ಫ್ಯಾಮಿಲಿ ಮೀಲ್’ ಅಂತ ಒಂದು ಪುಸ್ತಕ ತಂದರು. ತಮ್ಮ ಹೋಟೆಲಿನ ಕೆಲಸದವರು ಸಂಜೆ ಕೂತು ಉಣ್ಣುತ್ತಿದ್ದ ಸಾದಾ ಊಟಗಳು ಅದರಲ್ಲಿವೆ. ಪ್ರತಿಯೊಂದಕ್ಕೂ 2, 6, 20, 75 ಜನರ ಅಳತೆ ಬೇರೆ ಬೇರೆ ಕೊಟ್ಟಿದ್ದಾರೆ. ಸುಮ್ನೆ ಭಾಗಿಸಿದರೆ ನಡೆಯುವುದಿಲ್ಲ ಅನ್ನುವುದು ಅವರಿಗೆ ಗೊತ್ತಿತ್ತು.

ಇಂಥ ಪುಸ್ತಕಗಳಲ್ಲಿ ಬರೆಯುವ ಕೈ ಬೇರೆಯವರದ್ದಾಗಿರುವುದು ಮಾಮೂಲು. ಕೆಲ್ಲರ್ ಪುಸ್ತಕಕ್ಕೆ ಮೈಕಲ್ ರೂಲ್ಮನ್ ಕೈಜೋಡಿಸಿದ್ದು ಮುಚ್ಚುಮರೆಯ ವಿಷಯವೇನಲ್ಲ, ಹೆಸರು ಹಾಕಿದ್ದಾರೆ. ಇದರಲ್ಲಿ ಮೋಸ ಏನೂ ಇಲ್ಲ. ನಿಜ ಹೇಳಬೇಕೆಂದರೆ ಪಕ್ಕದಲ್ಲಿ ನಿಂತು ‘ಈಗ ಯಾಕೆ ಉರಿ ಸಣ್ಣ ಮಾಡಿದಿರಿ?’ ಅಂತ ಕೇಳುವ ಒಬ್ಬರಿದ್ದರೆ ಪುಸ್ತಕ ಉತ್ತಮವಾಗುತ್ತದೆ. ಬೆನ್ನುಡಿಯ ಬದಲು ಕೃತಜ್ಞತೆಯ ಪುಟ ಓದಿ. ರೆಸಿಪಿ ಪರೀಕ್ಷೆ ಮಾಡಿದವರ ಹೆಸರು ಅಲ್ಲಿದ್ದರೆ ಒಳ್ಳೆಯ ಲಕ್ಷಣ. ನನ್ನ ಕಸುಬಿನ ಪರವಾಗಿ ಮಾತಾಡುತ್ತಿದ್ದೇನೆ ಅಂದುಕೊಂಡರೂ ಪರವಾಗಿಲ್ಲ.

ಹೋಟೆಲ್ ನಡೆಸದೆ, ಬರೆಯುವುದನ್ನೇ ಕೆಲಸ ಮಾಡಿಕೊಂಡವರ ಪುಸ್ತಕಗಳು ನನಗೆ ಜಾಸ್ತಿ ಇಷ್ಟ. ಅವರಲ್ಲಿ ಹಲವರು ತಾವೂ ಏನೂ ಬಾರದೆ ಶುರು ಮಾಡಿದವರು. ಮಧುರ್ ಜಾಫ್ರಿ ನಟನೆ ಕಲಿಯಲು ಲಂಡನ್ನಿಗೆ ಹೋದಾಗ ಅಡುಗೆ ಬರುತ್ತಿರಲಿಲ್ಲ. ಅಮ್ಮ ಕಾಗದದಲ್ಲಿ ಬರೆದು ಕಳಿಸಿದ್ದನ್ನು ನೋಡಿ ಕಲಿತರು. 1973ರ ಅವರ ಮೊದಲ ಪುಸ್ತಕವನ್ನು ಸಂಪಾದಿಸಿದ್ದೂ ಅದೇ ಜೂಡಿತ್ ಜೋನ್ಸ್. ಕೈರೋದಲ್ಲಿ ಹುಟ್ಟಿದ ಕ್ಲಾಡಿಯಾ ರೋಡೆನ್ 1956ರ ಸೂಯೆಜ್ ಕಾಲುವೆ ಯುದ್ಧದ ನಂತರ ಊರು ಬಿಟ್ಟು ಚದುರಿದ ತಮ್ಮ ಜನರ, ಅಂದರೆ ಈಜಿಪ್ಟಿನ ಯಹೂದಿಗಳ ಬಾಯಿಂದ ಒಂದೊಂದೇ ರೆಸಿಪಿ ಕೇಳಿ ಬರೆದುಕೊಂಡರು. ಅದು 1968ರಲ್ಲಿ ‘ಎ ಬುಕ್ ಆಫ್ ಮಿಡ್ಲ್ ಈಸ್ಟರ್ನ್ ಫುಡ್’ ಆಯಿತು. ಎಲಿಜಬೆತ್ ಡೇವಿಡ್ ಮೆಡಿಟರೇನಿಯನ್ ಅಡುಗೆಯ ಪುಸ್ತಕ ತಂದದ್ದು 1950ರಲ್ಲಿ. ಬ್ರಿಟನ್ನಿನಲ್ಲಿ ಇನ್ನೂ ರೇಷನ್ ಕಾಲ, ಅದು ಪೂರ್ತಿ ಮುಗಿದದ್ದು 1954ಕ್ಕೆ. ನಿಂಬೆ, ಆಲಿವ್ ಎಣ್ಣೆ ಸಿಗದ ಊರಿನಲ್ಲಿ ಅವನ್ನು ಬೇಡುವ ಪುಸ್ತಕವನ್ನು ಜನ ಮಲಗುವ ಮುಂಚೆ ಕಥೆಯ ಹಾಗೆ ಓದಿರಬೇಕು. ಡೇವಿಡ್ ಅಳತೆಯ ವಿಷಯದಲ್ಲಿ ಧಾರಾಳಿ. ಅಡುಗೆ ಬಾರದವರಿಗೆ ಅವರ ಪುಸ್ತಕ ಮೊದಲ ಪುಸ್ತಕ ಆಗಬಾರದು.

ಮಾರ್ಸೆಲಾ ಹಜಾನ್ ಅವರನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಇಟಲಿಯವರು, ವಿಜ್ಞಾನ ಓದಿದವರು. ಅವರು ಇಟಾಲಿಯನ್ ಭಾಷೆಯಲ್ಲಿ ಬರೆಯುತ್ತಿದ್ದರು, ಗಂಡ ವಿಕ್ಟರ್ ಇಂಗ್ಲಿಷಿಗೆ ತರುತ್ತಿದ್ದರು. ಅವರ ಒಂದು ಟೊಮೆಟೊ ಸಾಸ್ ಲೋಕಪ್ರಸಿದ್ಧ. ಟೊಮೆಟೊ, ಬೆಣ್ಣೆ, ಅರ್ಧಕ್ಕೆ ಸೀಳಿದ ಒಂದು ಈರುಳ್ಳಿ, ಉಪ್ಪು. ಅಷ್ಟೆ. ಈರುಳ್ಳಿಯನ್ನು ಸಣ್ಣಗೆ ಕೊಚ್ಚುವ ಕೆಲಸವೂ ಇಲ್ಲ. ಸಣ್ಣ ಉರಿಯಲ್ಲಿ ಸುಮಾರು 45 ನಿಮಿಷ, ಕೊನೆಗೆ ಈರುಳ್ಳಿ ತೆಗೆದುಬಿಡುವುದು. ಆದರೆ ಅವರು 45 ನಿಮಿಷ ಅಂತ ಹೇಳಿ ಕೈತೊಳೆದುಕೊಳ್ಳುವುದಿಲ್ಲ. ಬೆಣ್ಣೆಯ ಜಿಡ್ಡು ಟೊಮೆಟೊದಿಂದ ಬಿಟ್ಟುಕೊಂಡು ಮೇಲೆ ತೇಲುವ ತನಕ ಅನ್ನುತ್ತಾರೆ. ಈ ಒಂದು ಗುರುತು ಇದ್ದರೆ ನಿಮ್ಮ ಟೊಮೆಟೊ ನೀರು ನೀರಾಗಿದ್ದರೂ, ಉರಿ ಸಣ್ಣದಿದ್ದರೂ, ಪಾತ್ರೆ ಅಗಲವಿದ್ದರೂ ಸಾಸ್ ಕೆಡುವುದಿಲ್ಲ. ನಿಮಿಷ ಅವರ ಅಡುಗೆಮನೆಯದ್ದು. ತೇಲುವ ಜಿಡ್ಡು ಎಲ್ಲರ ಅಡುಗೆಮನೆಯದ್ದು. ನಮ್ಮಲ್ಲಿ ಇದಕ್ಕೆ ಒಂದೇ ಮಾತಿದೆ, ಹದ. ಹದ ಬರೆಯಲು ಬಂದವರು ಪುಸ್ತಕ ಬರೆಯಬಹುದು. ಬಾರದವರು ಚಿತ್ರ ಹಾಕಿಸುತ್ತಾರೆ.

ಚಿತ್ರದ ಮಾತು ಬಂತಲ್ಲ. ಅದರ ಹಾಗೆ ಬರುವುದಿಲ್ಲ ಅಂತ ಕೊರಗಬೇಡಿ. ಚಿತ್ರಕ್ಕೆಂದು ತಟ್ಟೆ ಸಿಂಗರಿಸುವ ಕಸುಬಿನವರೇ ಬೇರೆ ಇರುತ್ತಾರೆ. ಹಸಿರು ಬಾಡದಿರಲಿ ಅಂತ ಅರ್ಧ ಬೇಯಿಸಿ ನಿಲ್ಲಿಸುತ್ತಾರೆ, ಹೊಳಪಿಗೆ ಎಣ್ಣೆ ಸವರುತ್ತಾರೆ, ಕಿಟಕಿಯ ಬೆಳಕು ಒಂದೇ ಕಡೆಯಿಂದ ಬೀಳಿಸುತ್ತಾರೆ. ಅದು ಊಟಕ್ಕಲ್ಲ, ಕ್ಯಾಮೆರಾಕ್ಕೆ ಬಡಿಸಿದ್ದು.

ಅಂಗಡಿಯಲ್ಲಿ ಪುಸ್ತಕ ಕೈಗೆ ಸಿಕ್ಕಾಗ ನಾನು ಮಾಡುವುದು ಇಷ್ಟು. ನನಗೆ ಕಣ್ಣು ಮುಚ್ಚಿ ಮಾಡಲು ಬರುವ ಒಂದು ಅಡುಗೆಯನ್ನು ಅದರಲ್ಲಿ ಹುಡುಕುತ್ತೇನೆ. ಗೊತ್ತಿಲ್ಲದ್ದನ್ನು ಓದಿದರೆ ಎಲ್ಲವೂ ಸರಿ ಅನ್ನಿಸುತ್ತದೆ. ಗೊತ್ತಿರುವುದನ್ನು ಓದಿದರೆ ಎಲ್ಲಿ ಬಿಟ್ಟಿದ್ದಾರೆ ಅಂತ ತಕ್ಷಣ ಕಾಣುತ್ತದೆ. ನಾನು ಯಾವಾಗಲೂ ಎಡವುವ ಜಾಗದಲ್ಲಿ ಎಚ್ಚರಿಕೆಯ ಒಂದು ಮಾತಾದರೂ ಇದೆಯಾ? ಗ್ರಾಂ ಲೆಕ್ಕ ಇದೆಯಾ? ಓವನ್ ಬಿಸಿ ಸೆಲ್ಸಿಯಸ್ಸಾ ಫ್ಯಾರನ್‌ಹೀಟಾ, ಫ್ಯಾನ್ ಇರುವ ಓವನ್ನಾ ಇಲ್ಲದ್ದಾ? (ಫ್ಯಾನ್ ಇದ್ದರೆ ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್ ಕಡಿಮೆ ಇಡಬೇಕು.) ಆಮೇಲೆ ಕೊನೆಯ ಪುಟಗಳ ಪದಸೂಚಿ ನೋಡುತ್ತೇನೆ. ಮನೆಯಲ್ಲಿ ಅರ್ಧ ಕುಂಬಳಕಾಯಿ ಉಳಿದಿದ್ದರೆ ಕುಂಬಳಕಾಯಿ ಅಂತ ಹುಡುಕಿದರೆ ಸಿಗಬೇಕು. ‘ಶರತ್ಕಾಲದ ಸಂಭ್ರಮ’ ಅಂತ ಇಟ್ಟಿದ್ದರೆ ನನಗೇನು ಉಪಯೋಗ?

ವಿಡಿಯೋ ಇರುವಾಗ ಪುಸ್ತಕ ಬೇಕಾ ಅಂತ ಕೇಳಿದಿರಿ. ಕೈ ಹೇಗೆ ಓಡಬೇಕು ಅನ್ನುವುದಕ್ಕೆ ವಿಡಿಯೋನೇ ಮೇಲು, ಅದರಲ್ಲಿ ಜಗಳ ಇಲ್ಲ. ಹಿಟ್ಟು ನಾದುವುದನ್ನು ಎಷ್ಟು ಬರೆದರೂ ಅರ್ಧ. ಜಾಕ್ ಪೆಪ್ಯಾಂ ಅನ್ನುವ ಶೆಫ್ 1976ರಲ್ಲೇ ತಮ್ಮ ಕೈಗಳ ಸಾಲು ಸಾಲು ಫೋಟೋ ಹಾಕಿ ‘ಲಾ ಟೆಕ್ನೀಕ್’ ತಂದದ್ದು ಇದೇ ಕಾರಣಕ್ಕೆ. ಆದರೆ ವಿಡಿಯೋದಲ್ಲಿ 45 ನಿಮಿಷ ಕತ್ತರಿಸಿ ನಾಲ್ಕು ಸೆಕೆಂಡ್ ಮಾಡಿರುತ್ತಾರೆ, ಅಲ್ವಾ? ಈರುಳ್ಳಿ ಬಿಳಿಯಾಗಿತ್ತು, ಕಣ್ಣು ಮಿಟುಕಿಸುವಷ್ಟರಲ್ಲಿ ಕಂದು. ನಡುವೆ ಏನಾಯಿತು, ಯಾವಾಗ ಹೆದರಬಾರದು ಅಂತ ಹೇಳುವ ತಾಳ್ಮೆ ಇರುವುದು ಹೆಚ್ಚಾಗಿ ಒಳ್ಳೆಯ ಪುಸ್ತಕಕ್ಕೇ.

ಕೊನೆಯ ಪ್ರಶ್ನೆ, ಯಾವುದು ಕೊಳ್ಳಬೇಕು. ನೀವು ಒಂದಕ್ಷರ ಬಿಡದೆ ಮಾಡುವವರು. ನಿಮಗೆ ಇನ್ನಷ್ಟು ರೆಸಿಪಿ ಬೇಕಾಗಿಲ್ಲ. ‘ಯಾಕೆ’ ಅಂತ ಕೇಳುವ ಮನಸ್ಸಿದ್ದರೆ ಹೆರಾಲ್ಡ್ ಮೆಕ್‌ಗೀ ಬರೆದ ‘ಆನ್ ಫುಡ್ ಆಂಡ್ ಕುಕಿಂಗ್’ ಇದೆ. 1984ರದ್ದು, 2004ರಲ್ಲಿ ಪರಿಷ್ಕರಿಸಿದರು. ಮಾಂಸವನ್ನು ಮೊದಲು ಜೋರು ಉರಿಯಲ್ಲಿ ಸುಟ್ಟರೆ ರಸ ಒಳಗೇ ಬಂದಿಯಾಗುತ್ತದೆ ಅನ್ನುವ ಹಳೆಯ ನಂಬಿಕೆ ಸುಳ್ಳು ಅಂತ ಜನಕ್ಕೆ ಬಿಡಿಸಿ ಹೇಳಿದ ಪುಸ್ತಕ ಅದು. ಬಾಣಲೆಯ ಚೊಂಯ್ ಸದ್ದೇ ರಸ ಹೊರಗೆ ಬರುತ್ತಿರುವುದಕ್ಕೆ ಸಾಕ್ಷಿ. ಆದರೆ ದಪ್ಪ ಪುಸ್ತಕ, ಒಲೆ ಮುಂದೆ ನಿಂತು ಓದುವಂಥದ್ದಲ್ಲ. ಯೋತಮ್ ಓಟೊಲೆಂಗಿ ಪುಸ್ತಕಗಳ ರುಚಿ ಮೋಸ ಮಾಡುವುದಿಲ್ಲ, ಸಾಮಾನಿನ ಪಟ್ಟಿ ಉದ್ದ. ಅದು ಅವರಿಗೂ ಗೊತ್ತಿದ್ದೇ 2018ರಲ್ಲಿ ‘ಸಿಂಪಲ್’ ತಂದರು.

ನಿಮಗೆ ನಾನು ಹೇಳುವುದು ಸಮೀನ್ ನೊಸ್ರತ್ ಅವರ ‘ಸಾಲ್ಟ್ ಫ್ಯಾಟ್ ಆಸಿಡ್ ಹೀಟ್’, 2017ರದ್ದು. ಉಪ್ಪು, ಜಿಡ್ಡು, ಹುಳಿ, ಬಿಸಿ ನಾಲ್ಕೇ ನಾಲ್ಕರ ಮೇಲೆ ಅರ್ಧ ಪುಸ್ತಕ ಮಾತಾಡಿ, ಆಮೇಲೆ ರೆಸಿಪಿಗೆ ಬರುತ್ತಾರೆ. ಅಡುಗೆಯ ಫೋಟೋ ಒಂದೂ ಇಲ್ಲ. ವೆಂಡಿ ಮ್ಯಾಕ್‌ನಾಟನ್ ಕೈಯಲ್ಲಿ ಬರೆದ ಚಿತ್ರಗಳಿವೆ. ಬೇಕೆಂದೇ ಹಾಗೆ ಮಾಡಿದ್ದು, ಫೋಟೋದ ಹಾಗೇ ಬರಬೇಕು ಅನ್ನುವ ಹಟ ಓದುಗರಿಗೆ ಹತ್ತದಿರಲಿ ಅಂತ. ಅದರಲ್ಲಿ ಉಪ್ಪಿನ ಭಾಗ ಮೊದಲು ಓದಿ. ಓದಿದ ದಿನವೇ ನಿಮ್ಮ ಒಂದು ಚಿಟಿಕೆ ಎಷ್ಟು ಗ್ರಾಂ ಅಂತ ಹತ್ತು ಸಲ ತೂಗಿ ನೋಡಿ. ಮೂರು ಬೆರಳಿನದ್ದು ಬೇರೆ, ಐದು ಬೆರಳಿನದ್ದು ಬೇರೆ ಬರೆದಿಟ್ಟುಕೊಳ್ಳಿ.

ಹಳೆಯ ಹದಿನಾಲ್ಕನ್ನು ಬಿಸಾಕಬೇಡಿ. ಅವುಗಳಲ್ಲಿ ಒಂದನ್ನು ಆರಿಸಿ, ಒಂದೇ ಅಡುಗೆಯನ್ನು ತಿಂಗಳಲ್ಲಿ ಮೂರು ಸಲ ಮಾಡಿ. ಪ್ರತಿ ಸಲವೂ ಪೆನ್ಸಿಲಿನಲ್ಲಿ ಪುಟದ ಅಂಚಿಗೆ ನಿಮ್ಮ ಒಲೆ, ನಿಮ್ಮ ಪಾತ್ರೆಯ ಲೆಕ್ಕ ಬರೆಯಿರಿ. ಪುಸ್ತಕ ಹಾಳಾಗುತ್ತದೆ ಅಂತ ಸಂಕೋಚ ಬೇಡ. ಆ ಸೂಪ್ ಪುಟದಿಂದಲೇ ಶುರು ಮಾಡಿ, ‘10 ನಿಮಿಷ’ ಹೊಡೆದು ಹಾಕಿ 45 ಅಂತ ಬರೆಯಿರಿ. ಪಕ್ಕದಲ್ಲಿ ಆಗ ಬಾಣಲೆ ಹೇಗೆ ಸದ್ದು ಮಾಡುತ್ತಿತ್ತು ಅನ್ನುವುದನ್ನೂ ಬರೆಯಿರಿ.